ಪೈಲಿಂಗ್ ರಿಗ್‌ಗೆ ಬಕೆಟ್ ಆರಿಸುವಾಗ ನಾನು ಏನನ್ನು ನೋಡುತ್ತೇನೆ

ಪೈಲಿಂಗ್ ಎಂದರೆ ರಿಗ್ ಎಂಬ ಯಂತ್ರದಿಂದ ನೆಲದಲ್ಲಿ ಆಳದ ಕುಳಿ ಕೊರೆದು, ಕಾಂಕ್ರೀಟ್ ತುಂಬಿ, ಪೈಲ್ ಎಂಬ ಅಡಿಪಾಯದ ಕಂಬ ಕಟ್ಟುವ ಕೆಲಸ; ಆ ಕುಳಿಯ ಮಣ್ಣನ್ನು ಕಡಿದು ಮೇಲೆ ತರುವುದು ಬಕೆಟ್. ಹೊಸ ಸೈಟ್ ಶುರುವಾಗುವ ಹೊತ್ತಿಗೆ ಪೈಲಿಂಗ್ ಗುತ್ತಿಗೆದಾರರಿಂದ ಬರುವ ಫೋನಿನಲ್ಲಿ ಹೆಚ್ಚಾಗಿ ಒಂದೇ ಮಾತಿರುತ್ತದೆ: "ಸರ್, ಸಾವಿರ ಎಂಎಂ ಬಕೆಟ್ ಒಂದು ಬೇಕಿತ್ತು, ಯಾವುದಿದ್ದರೂ ನಡೆಯುತ್ತೆ." ವ್ಯಾಸವೇನೋ ಗೊತ್ತಾಯಿತು, ಆದರೆ ಬಕೆಟ್ ಆರಿಸಲು ಬೇಕಾದ ಉಳಿದ ಯಾವ ಸಂಗತಿಯೂ ಆ ಮಾತಿನಲ್ಲಿ ಇರುವುದಿಲ್ಲ. ನೆಲ ಎಂಥದು, ನೀರು ಎಷ್ಟು ಆಳದಲ್ಲಿದೆ, ಬಂಡೆ ಸಿಗುತ್ತದೆಯೇ, ಸಿಕ್ಕರೆ ಅದರೊಳಗೆ ಎಷ್ಟು ಇಳಿಯಬೇಕು, ಕುಳಿ ಕುಸಿಯದಂತೆ ತಡೆಯುವುದು ಕೇಸಿಂಗೋ (ಉಕ್ಕಿನ ಕೊಳವೆ) ಬೆಂಟೋನೈಟೋ (ಜೇಡಿ ಕಲಸಿದ ದ್ರವ) ಎಂದು ಒಂದೊಂದಾಗಿ ಕೇಳತೊಡಗಿದರೆ, ಅತ್ತ ಕಡೆಯವರಿಗೆ ನಾನು ವಿನಾಕಾರಣ ಮಾತು ಬೆಳೆಸುತ್ತಿದ್ದೇನೆ ಅನ್ನಿಸುವುದೂ ಉಂಟು. ಪೈಲಿಂಗ್ ಕೆಲಸದಲ್ಲಿ ಹಲವು ವರ್ಷ ಕಳೆದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯವೆಂದರೆ, ಬಕೆಟ್ ಎಷ್ಟು ಬೇಗ ಕಡಿಯುತ್ತದೆ ಎಂಬುದು ಅದರ ಅರ್ಧ ಕೆಲಸ ಮಾತ್ರ. ಕಡಿದದ್ದನ್ನು ಚೆಲ್ಲದೆ ಮೇಲೆ ತರುತ್ತದೆಯೇ, ತಂದದ್ದನ್ನು ಪೂರ್ತಿ ಸುರಿಯುತ್ತದೆಯೇ, ಏಳುವಾಗ ಕುಳಿಯ ಗೋಡೆಯನ್ನು ಕೆಡಿಸುತ್ತದೆಯೇ, ಕೊನೆಗೆ ತಳದಲ್ಲಿ ಏನನ್ನು ಬಿಟ್ಟುಬರುತ್ತದೆ ಎಂಬುದು ಇನ್ನರ್ಧ. ಪೈಲ್ ಕೆಡುವುದು ಹೆಚ್ಚಾಗಿ ಈ ಇನ್ನರ್ಧದಲ್ಲಿ.

ಬಕೆಟ್ ಕೆಲಸ ಮಾಡುವ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ದಪ್ಪ ಉಕ್ಕಿನ ತಗಡಿನ ಸಿಲಿಂಡರ್, ಅದರ ನೆತ್ತಿಯ ಮೇಲೆ ಬಕೆಟ್ಟನ್ನು ಇಳಿಸಿ ತಿರುಗಿಸುವ ಉದ್ದ ಉಕ್ಕಿನ ದಂಡವಾದ ಕೆಲ್ಲಿ ಬಾರ್‌ನ ಚೌಕ ತುದಿ ಕೂರುವ ಬಾಕ್ಸ್, ಕೆಳಗೆ ತಳ. ಮಣ್ಣಿನ ಬಕೆಟ್‌ನಲ್ಲಿ ಸಾಮಾನ್ಯವಾಗಿ ಒಂದರ ಮೇಲೊಂದು ಎರಡು ತಳಗಳಿರುತ್ತವೆ. ಹಲ್ಲುಗಳಿರುವ ಕೆಳಗಿನ ತಟ್ಟೆ ಮೇಲಿನ ತಟ್ಟೆಗೆ ಹೋಲಿಸಿದರೆ ಸ್ವಲ್ಪ ದೂರ ತಿರುಗಬಲ್ಲದು. ಬಲಕ್ಕೆ ತಿರುಗಿಸಿ ಕೊರೆಯುವಾಗ ಎರಡೂ ತಟ್ಟೆಗಳ ಬಾಯಿ ಒಂದಕ್ಕೊಂದು ಎದುರಾಗಿ, ಹಲ್ಲು ಕಡಿದ ಮಣ್ಣು ಒಳಗೆ ಏರುತ್ತದೆ. ತುಂಬಿದ ಮೇಲೆ ಆಪರೇಟರ್ ಎಡಕ್ಕೆ ತುಸು ತಿರುಗಿಸಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಮೇಲೆತ್ತಿ, ರಿಗ್ಗನ್ನು ಪಕ್ಕಕ್ಕೆ ತಿರುಗಿಸಿ, ಬಕೆಟ್‌ನ ನೆತ್ತಿಯಲ್ಲಿರುವ ಕಂಬಿಯನ್ನು ಒತ್ತುವಂತೆ ಮಾಡಿದರೆ ಕೊಂಡಿ ಕಳಚಿ ತಳ ಕೀಲಿನ ಮೇಲೆ ಕೆಳಗೆ ಬೀಳುತ್ತದೆ, ಮಣ್ಣು ಸುರಿಯುತ್ತದೆ. ಇಷ್ಟು ಸರಳವಾದ ಯಂತ್ರದಲ್ಲಿ ನೆಲಕ್ಕೆ ತಕ್ಕಂತೆ ಬದಲಾಗಬೇಕಾದದ್ದು ಹಲ್ಲು, ಬಾಯಿಯ ಅಗಲ, ತಳಗಳ ನಡುವಿನ ಸಂದು, ಸಿಲಿಂಡರಿನ ಎತ್ತರ ಮತ್ತು ಆಕಾರ, ನೀರು ಹಾದುಹೋಗುವ ದಾರಿ. ವ್ಯಾಸ ಒಂದೇ ಆಗಿದ್ದು ಈ ಐದೂ ಬೇರೆಯಾಗಿರುವ ಬಕೆಟ್‌ಗಳು ಒಂದೇ ಯಾರ್ಡಿನಲ್ಲಿ ಪಕ್ಕಪಕ್ಕ ನಿಂತಿರುತ್ತವೆ.

ಆಯ್ಕೆ ಆರಂಭವಾಗುವುದು ಸಾಯಿಲ್ ರಿಪೋರ್ಟ್‌ನಿಂದ. 63.5 ಕಿಲೋ ತೂಕದ ಸುತ್ತಿಗೆ 75 ಸೆಂ.ಮೀ. ಎತ್ತರದಿಂದ ಬಿದ್ದು, ಮಾದರಿ ಕೊಳವೆಯನ್ನು 30 ಸೆಂ.ಮೀ. ಇಳಿಸಲು ಎಷ್ಟು ಏಟು ಬೇಕಾಯಿತು ಎಂಬ ಎನ್ ಮೌಲ್ಯವನ್ನು ಎಲ್ಲರೂ ನೋಡುತ್ತಾರೆ. ಎನ್ 10 ಇದ್ದ ಮಣ್ಣಿಗೂ 50 ದಾಟಿದ ಮಣ್ಣಿಗೂ ಒಂದೇ ಹಲ್ಲು ಸಾಲದು ಎಂಬುದು ಅಲ್ಲಿಂದಲೇ ತಿಳಿಯುತ್ತದೆ. ಆದರೆ ಆ ಕೊಳವೆಯ ಒಳ ವ್ಯಾಸ ಬರೀ 35 ಮಿ.ಮೀ. ಎಂಬುದನ್ನು ಮರೆಯಬಾರದು. ಮುಷ್ಟಿ ಗಾತ್ರದ ಕಲ್ಲು ಅದರೊಳಗೆ ಬರುವುದೇ ಇಲ್ಲ. ಕೊಳವೆಯ ಬಾಯಿಗೆ ಅಡ್ಡ ನಿಂತು ಏಟಿನ ಎಣಿಕೆಯನ್ನು ಏರಿಸುತ್ತದೆ ಅಷ್ಟೆ. ವರದಿಯಲ್ಲಿ "ಗಟ್ಟಿ ಪದರ" ಎಂದು ಬರೆದಿರುವ ಕಡೆ ನಿಜವಾಗಿ ಸಡಿಲ ಮರಳಿನ ನಡುವೆ ಉರುಟು ಕಲ್ಲುಗಳಿರಬಹುದು. ಇವೆರಡಕ್ಕೆ ಬೇಕಾದ ಬಕೆಟ್ ಪೂರ್ತಿ ಬೇರೆ: ಗಟ್ಟಿ ಪದರಕ್ಕೆ ಬಲವಾದ ಹಲ್ಲು ಬೇಕು, ಕಲ್ಲು ಬೆರೆತ ಸಡಿಲ ಮರಳಿಗೆ ಅಗಲ ಬಾಯಿ ಬೇಕು. ಹಾಗಾಗಿ ನಾನು ಎನ್ ಮೌಲ್ಯದ ಜೊತೆಗೆ ಮಾದರಿಯ ವರ್ಣನೆಯ ಸಾಲನ್ನೂ, ಬೋರ್ ಹೊಡೆದ ದಿನ ನೀರು ನಿಂತ ಮಟ್ಟವನ್ನೂ, ಬಂಡೆಯಲ್ಲಿ ಕೋರ್ (ಕಂಬದಂಥ ಮಾದರಿ) ತೆಗೆದಿದ್ದರೆ ಎಷ್ಟು ಪಾಲು ಇಡಿಯಾಗಿ ಬಂತು ಎಂಬುದನ್ನೂ ಓದುತ್ತೇನೆ. ಸಾಧ್ಯವಾದರೆ ಕೋರ್ ಪೆಟ್ಟಿಗೆಯನ್ನೇ ತೆರೆಸಿ ನೋಡುವುದು ಇನ್ನೂ ಒಳ್ಳೆಯದು.

ಬೆಂಗಳೂರಿನ ನೆಲದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮಲ್ಲಿ ರಿಗ್‌ಗಳು ಅತಿ ಹೆಚ್ಚು ದುಡಿಯುವ ಊರು ಅದೇ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೆಟ್ರೊ ಓಡಾಟ ಆರಂಭವಾಗುವ ಮುಂಚಿನ ವರ್ಷಗಳಿಂದಲೇ ರಸ್ತೆ ನಡುವೆ ರಿಗ್ ನಿಂತಿರುವ ನೋಟ ಜನರಿಗೆ ರೂಢಿಯಾಗಿದೆ. ಲಾಲ್‌ಬಾಗ್‌ನಲ್ಲಿ ಎದ್ದು ಕಾಣುವ ನೈಸ್ ಬಂಡೆಯೇ ಊರಿನ ಬಹುಭಾಗದ ಅಡಿಯಲ್ಲಿರುವುದು. ಆದರೆ ಅದು ಎಷ್ಟು ಆಳದಲ್ಲಿದೆ ಎಂಬುದು ಒಂದು ಸೈಟಿನ ಎರಡು ಮೂಲೆಗಳ ನಡುವೆಯೇ ಬದಲಾಗುತ್ತದೆ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಬಂಡೆಯೇ ಕೊಳೆತು ಆದ ಹೂಳುಮಿಶ್ರಿತ ಮರಳು, ಆಮೇಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಶಿಥಿಲ ಶಿಲೆ, ಅದರೊಳಗೆ ಅಲ್ಲಲ್ಲಿ ಕೊಳೆಯದೆ ಉಳಿದ ಕಲ್ಲುಗುಂಡುಗಳು, ಕೊನೆಗೆ ಗಟ್ಟಿ ಬಂಡೆ. ಮೇಲಿನ ಕೆಮ್ಮಣ್ಣಿಗೆ ಚಪ್ಪಟೆ ಹಲ್ಲಿನ ಎರಡು ತಳದ ಬಕೆಟ್ ಚೆನ್ನಾಗಿ ಹೊಂದುತ್ತದೆ. ನೀರಿನ ಮಟ್ಟ ಇನ್ನೂ ಕೆಳಗಿದ್ದರೆ ಸುರುಳಿಯಾಕಾರದ ಆಗರ್ ಇನ್ನೂ ಬೇಗ ಮುಗಿಸುತ್ತದೆ. ನೀರು ಬಂದಲ್ಲಿಂದ ಕೆಳಗೆ ಆಗರ್ ಬೇಡ, ಏಕೆಂದರೆ ಸುರುಳಿಯ ಮೇಲೆ ನಿಂತ ಸಡಿಲ ಮಣ್ಣು ದಾರಿಯುದ್ದಕ್ಕೂ ತೊಳೆದು ಮತ್ತೆ ತಳಕ್ಕೇ ಬೀಳುತ್ತದೆ.

ಶಿಥಿಲ ಶಿಲೆ ಬರುತ್ತಿದ್ದಂತೆ ಚಪ್ಪಟೆ ಹಲ್ಲು ಕಡಿಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಇದು ಸದ್ದಿನಲ್ಲೇ ಗೊತ್ತಾಗುತ್ತದೆ. ಮೇಲೆ ಬಂದ ಮಣ್ಣು ಗಂಟುಗಂಟಾಗಿರುವುದರ ಬದಲು ಹಿಟ್ಟಿನಂತಿರುವುದೂ ಅದರ ಗುರುತೇ. ಅಲ್ಲಿಂದ ಮುಂದೆ ಬುಲೆಟ್ ಹಲ್ಲಿನ ರಾಕ್ ಬಕೆಟ್ ಬೇಕು. ಅದರ ಮೊನೆಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಇರುತ್ತದೆ, ಹಲ್ಲಿನ ಸಂಖ್ಯೆ ಹೆಚ್ಚು, ಪ್ರತಿ ಹಲ್ಲೂ ಬಂಡೆಯಲ್ಲಿ ಸಣ್ಣ ಚುಕ್ಕೆಯ ಮೇಲೆ ಒತ್ತಡ ಹಾಕಿ ಚಿಪ್ಪೇಳಿಸುತ್ತದೆ. ಇಲ್ಲಿ ಕೆಲವರು ಹಲ್ಲು ಹೆಚ್ಚಾದಷ್ಟೂ ಒಳ್ಳೆಯದೆಂದು ಸಂದಿಗೆಲ್ಲ ಹೋಲ್ಡರ್ ಬೆಸೆಸುತ್ತಾರೆ. ರಿಗ್ ಕೊಡಬಲ್ಲ ಒತ್ತಡ ಒಂದೇ ಆಗಿರುವುದರಿಂದ ಹಲ್ಲು ಹೆಚ್ಚಾದಂತೆ ಪ್ರತಿ ಹಲ್ಲಿನ ಪಾಲು ಕಡಿಮೆಯಾಗುತ್ತದೆ. ಹಳೆಯ, ಸಣ್ಣ ರಿಗ್ಗಿನಲ್ಲಿ ಹಲ್ಲು ಕಡಿಮೆ ಮಾಡಿದ ಬಕೆಟ್ಟೇ ಮುಂದೆ ಹೋಗುವುದನ್ನು ನೋಡಿದ್ದೇನೆ. ಕೆಲ್ಲಿ ಬಾರ್ ಘರ್ಷಣೆಯ ಬಗೆಯದಾಗಿದ್ದರೆ ಒತ್ತಡ ಪೂರ್ತಿ ಕೆಳಗೆ ಇಳಿಯುವುದೂ ಇಲ್ಲ; ಬಂಡೆಯ ಕೆಲಸಕ್ಕೆ ಒಂದಕ್ಕೊಂದು ಬೀಗ ಹಾಕಿಕೊಳ್ಳುವ ಇಂಟರ್‌ಲಾಕಿಂಗ್ ಕೆಲ್ಲಿ ಇದೆಯೇ ಎಂದು ಕೇಳದೆ ರಾಕ್ ಬಕೆಟ್ ಕಳಿಸುವುದು ವ್ಯರ್ಥ.

ಗಟ್ಟಿ ಬಂಡೆ ಸಿಕ್ಕ ಮೇಲೂ ಬಕೆಟ್ಟಿನಲ್ಲೇ ಒದ್ದಾಡುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಲೆಕ್ಕ ಹಾಕಿ ನೋಡಿದರೆ ಇದು ಎಷ್ಟು ದಂಡದ ಕೆಲಸ ಎಂದು ತಿಳಿಯುತ್ತದೆ. ಒಂದು ಮೀಟರ್ ವ್ಯಾಸದ ಕುಳಿಯ ತಳ 0.785 ಚದರ ಮೀಟರ್. ಬಕೆಟ್ ಅಷ್ಟನ್ನೂ ಪುಡಿ ಮಾಡಬೇಕು. ಕೋರ್ ಬ್ಯಾರಲ್‌ಗೆ ತಳವೇ ಇಲ್ಲ, ಅಂಚಿನಲ್ಲಿ ಮಾತ್ರ ಹಲ್ಲು. ಅದು 100 ಮಿ.ಮೀ. ಅಗಲದ ಬಳೆಯನ್ನು ಕೊರೆದರೂ ಪುಡಿ ಮಾಡಬೇಕಾದದ್ದು 0.283 ಚದರ ಮೀಟರ್, ಅಂದರೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ನಡುವೆ ಉಳಿದ ಕಂಬವನ್ನು ಮುರಿದು ಎತ್ತಬಹುದು, ಮುರಿಯದಿದ್ದರೆ ಕ್ರಾಸ್ ಕಟರ್ ಇಳಿಸಿ ಒಡೆಯಬಹುದು, ಒಡೆದ ಚೂರುಗಳನ್ನು ಆಮೇಲೆ ಬಕೆಟ್ಟಿನಲ್ಲಿ ತುಂಬಿ ತರಬಹುದು. ದೊಡ್ಡ ವ್ಯಾಸದ ಪೈಲ್ ಆದರೆ ಮೊದಲು ಚಿಕ್ಕ ಬ್ಯಾರಲ್‌ನಲ್ಲಿ ನಡುವಿನ ಕುಳಿ ತೆಗೆದು, ನಂತರ ಪೂರ್ತಿ ವ್ಯಾಸಕ್ಕೆ ಹಿಗ್ಗಿಸುವುದು ರಿಗ್‌ಗೂ ಹಲ್ಲಿಗೂ ಹಗುರ. ಕೊಳೆಯದ ನೈಸ್ ಅಥವಾ ಗ್ರಾನೈಟ್‌ನ ಒತ್ತಡ ತಾಳುವ ಶಕ್ತಿ 100 ಮೆಗಾಪ್ಯಾಸ್ಕಲ್ ಮೀರುವುದು ಅಪರೂಪವಲ್ಲ. ಅಂಥಲ್ಲಿ ಬುಲೆಟ್ ಹಲ್ಲಿನ ಬ್ಯಾರಲ್ ಕೂಡ ಸೋತು ರೋಲರ್ ಬಿಟ್ ಬೇಕಾಗುತ್ತದೆ. ರಾಮನಗರದ ಕಡೆಯ ಗ್ರಾನೈಟ್‌ನಲ್ಲಿ ಕೆಲಸ ಹಿಡಿಯುವವರು ಇದನ್ನು ದರ ಬರೆಯುವಾಗಲೇ ಯೋಚಿಸಬೇಕು.

ಗುಂಡುಗಳದ್ದು ಬೇರೆಯೇ ಕಷ್ಟ. ಕುಳಿಯ ಅರ್ಧಕ್ಕೆ ಮಾತ್ರ ಚಾಚಿಕೊಂಡಿರುವ ಗುಂಡಿನ ಮೇಲೆ ಬಕೆಟ್ ಇಟ್ಟರೆ ಒಂದು ಕಡೆಯ ಹಲ್ಲು ಮಣ್ಣಿನಲ್ಲಿ ಇಳಿಯುತ್ತದೆ, ಇನ್ನೊಂದು ಕಡೆಯದು ಕಲ್ಲಿನ ಮೇಲೆ ಜಾರುತ್ತದೆ, ಕುಳಿ ವಾಲತೊಡಗುತ್ತದೆ. ಅಲ್ಲಿ ಆಪರೇಟರ್ ಬಕೆಟ್ಟನ್ನು ಬದಿಗಿಟ್ಟು ಉದ್ದನೆಯ ಕೋರ್ ಬ್ಯಾರಲ್ಲನ್ನು ನಿಧಾನ ವೇಗದಲ್ಲಿ, ಕಡಿಮೆ ಒತ್ತಡದಲ್ಲಿ ಇಳಿಸಬೇಕು. ಬ್ಯಾರಲ್‌ನ ಉದ್ದದ ಗೋಡೆ ಮೇಲಿನ ನೇರ ಕುಳಿಯನ್ನು ಹಿಡಿದುಕೊಂಡು ದಾರಿ ತಪ್ಪದಂತೆ ನೋಡಿಕೊಳ್ಳುತ್ತದೆ. ಗುಂಡನ್ನೇ ತಳದ ಬಂಡೆಯೆಂದು ತಿಳಿದು ಅಲ್ಲಿಗೇ ಪೈಲ್ ನಿಲ್ಲಿಸುವ ಅಪಾಯವೂ ಇಲ್ಲಿದೆ. ಬ್ಯಾರಲ್ ಹಠಾತ್ತನೆ ಸಡಿಲಾಗಿ ಇಳಿದರೆ ಅದು ಗುಂಡು. ಮೀಟರ್‌ಗಟ್ಟಲೆ ಒಂದೇ ಬಿಗಿಯಲ್ಲಿ ಇಳಿಯುತ್ತಿದ್ದರೆ ಅದು ಬಂಡೆ. ಯಾವ ಆಳದಲ್ಲಿ ಯಾವ ಉಪಕರಣ ಎಷ್ಟು ಹೊತ್ತು ತಿರುಗಿತು ಎಂದು ಪೈಲ್ ದಾಖಲೆಯಲ್ಲಿ ಬರೆದಿಡುವ ಸೈಟ್‌ಗಳಲ್ಲಿ ಈ ಗೊಂದಲ ಉಳಿಯುವುದಿಲ್ಲ.

ಊರೊಳಗೇ ಇನ್ನೊಂದು ಬಗೆಯ ನೆಲವಿದೆ: ಮುಚ್ಚಿದ ಕೆರೆಗಳು. ಮೆಜೆಸ್ಟಿಕ್‌ನ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿ. ಹೀಗೆ ಕೆರೆಯಂಗಳವಾಗಿದ್ದ ಜಾಗಗಳಲ್ಲಿ ಮೇಲಿನ ಕೆಲವು ಮೀಟರ್ ಮಣ್ಣಿನ ಜೊತೆ ಇಟ್ಟಿಗೆ ಚೂರು, ಕಾಂಕ್ರೀಟ್ ತುಂಡು, ತಂತಿ, ಬಟ್ಟೆ ಎಲ್ಲವೂ ಬರಬಹುದು. ಅಂಥ ಭರಾವಿಗೆ (ತುಂಬಿಸಿದ ನೆಲಕ್ಕೆ) ಎರಡು ತಳದ ಬಕೆಟ್ ಕಳಿಸಿದರೆ ತಟ್ಟೆಗಳ ನಡುವೆ ಕಸ ಸಿಕ್ಕಿ ಬಾಯಿ ಮುಚ್ಚುವುದೇ ಇಲ್ಲ. ಒಂದೇ ತಳದ, ಅಗಲ ಬಾಯಿಯ ಬಕೆಟ್ಟಿನಲ್ಲಿ ಭರಾವನ್ನು ದಾಟಿ, ಅಷ್ಟಕ್ಕೆ ಕೇಸಿಂಗ್ ಹಾಕಿ, ಮುಂದಕ್ಕೆ ಬೇರೆ ಬಕೆಟ್ ಹಿಡಿಯುವುದು ಲೇಸು.

ಬೆಂಗಳೂರಿನಲ್ಲಿ ಕಲಿತವರು ಮಂಗಳೂರಿಗೆ ಹೋದಾಗ ತಬ್ಬಿಬ್ಬಾಗುವುದುಂಟು, ಏಕೆಂದರೆ ಅಲ್ಲಿ ಅನೇಕ ಕಡೆ ನೆಲ ತಲೆಕೆಳಗು. ಗಟ್ಟಿಯಾದದ್ದು ಮೇಲಿದೆ, ಮೆತ್ತನೆಯದು ಕೆಳಗಿದೆ. ಮೇಲಿನ ಮುರಕಲ್ಲಿನ (ಲ್ಯಾಟರೈಟ್) ಪದರಕ್ಕೆ ಬುಲೆಟ್ ಹಲ್ಲು ಬೇಕೇ ಬೇಕು. ಅದನ್ನು ದಾಟಿದೊಡನೆ ಶೇಡಿ ಮಣ್ಣು. ಒಣಗಿದ್ದಾಗ ಅದರ ಗೋಡೆ ಕತ್ತರಿಸಿ ನಿಲ್ಲಿಸಿದಂತೆ ಗಟ್ಟಿಯಾಗಿರುತ್ತದೆ, ನೀರು ಕುಡಿದರೆ ಕೆಸರಾಗಿ ಹರಿಯುತ್ತದೆ; ಮಳೆಗಾಲದಲ್ಲಿ ಕರಾವಳಿಯ ಗುಡ್ಡಗಳು ಜರಿಯುವುದರಲ್ಲಿ ಇದರ ಪಾಲು ದೊಡ್ಡದು. ಮುರಕಲ್ಲಿಗೆಂದು ಹಾಕಿದ ರಾಕ್ ಬಕೆಟ್ಟನ್ನೇ ಶೇಡಿಯಲ್ಲೂ ಮುಂದುವರಿಸಿದರೆ ಬುಲೆಟ್ ಹಲ್ಲುಗಳು ಮಣ್ಣನ್ನು ಕಡಿಯುವುದರ ಬದಲು ಕಲಸುತ್ತವೆ. ಕಲಸಿದಷ್ಟೂ ಶೇಡಿ ಸಡಿಲಾಗುತ್ತದೆ, ಗೋಡೆಯ ಮೇಲೆ ಜಾರು ಲೇಪ ಕೂರುತ್ತದೆ, ಪೈಲ್‌ನ ಬದಿಯ ಹಿಡಿತ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಮುರಕಲ್ಲು ಮುಗಿದ ಕ್ಷಣವೇ ಚಪ್ಪಟೆ ಹಲ್ಲಿನ ಮಣ್ಣಿನ ಬಕೆಟ್‌ಗೆ ಬದಲಾಯಿಸಬೇಕು. ಕೊರೆದ ಕುಳಿಯನ್ನು ರಾತ್ರಿಯಿಡೀ ನೀರಿನೊಂದಿಗೆ ಬಿಡದೆ ಅದೇ ದಿನ ಕಾಂಕ್ರೀಟ್ ಮುಗಿಸಬೇಕು. ಹತ್ತು ನಿಮಿಷದ ಬದಲಾವಣೆಗೆ ಸೋಮಾರಿತನ ತೋರುವುದು ಇಲ್ಲಿ ನಿಜವಾಗಿ ದುಬಾರಿ.

ನೇತ್ರಾವತಿ, ಫಲ್ಗುಣಿ ನದಿಗಳ ದಂಡೆಗೆ, ಕಡಲಂಚಿಗೆ ಬಂದರೆ ಮರಳು, ಅದರ ನಡುವೆ ಮೆತ್ತನೆಯ ಜೇಡಿ, ನೆಲದ ಮಟ್ಟಕ್ಕೆ ಹತ್ತಿರದಲ್ಲೇ ನೀರು. ಇಲ್ಲಿ ಕಡಿಯುವುದು ಸಮಸ್ಯೆಯೇ ಅಲ್ಲ, ಎಂಥ ಹಲ್ಲಾದರೂ ಕಡಿಯುತ್ತದೆ. ಸಮಸ್ಯೆ ಇರುವುದು ಮೇಲೆತ್ತುವುದರಲ್ಲಿ. ದ್ರವ ತುಂಬಿದ ಕುಳಿಯಲ್ಲಿ ಬಕೆಟ್ ಮೇಲೇಳುವಾಗ ಸಿರಿಂಜಿನ ಪಿಸ್ಟನ್ ಎಳೆದಂತಾಗುತ್ತದೆ: ಮೇಲಿನ ದ್ರವ ಬಕೆಟ್ಟಿನ ಬದಿಯಿಂದ ಕೆಳಗೆ ಹರಿದುಬರುವಷ್ಟು ದಾರಿಯಿಲ್ಲದಿದ್ದರೆ ಬಕೆಟ್ಟಿನ ಅಡಿಯಲ್ಲಿ ಒತ್ತಡ ಕುಸಿಯುತ್ತದೆ, ಗೋಡೆಯ ಮರಳು ಒಳಕ್ಕೆ ಸೆಳೆಯಲ್ಪಡುತ್ತದೆ. ಆದ್ದರಿಂದ ಮರಳಿನ ಬಕೆಟ್‌ಗೆ ಮೂರು ಲಕ್ಷಣಗಳನ್ನು ನಾನು ಕಡ್ಡಾಯವೆಂದು ಎಣಿಸುತ್ತೇನೆ. ಅದರ ಸಿಲಿಂಡರ್ ಹೊರ ಹಲ್ಲು ಕೊರೆಯುವ ವ್ಯಾಸಕ್ಕಿಂತ ಸಾಕಷ್ಟು ಚಿಕ್ಕದಿರಬೇಕು. ದ್ರವ ಮೇಲಿನಿಂದ ಕೆಳಗೆ ಹಾಯಲು ಒಳಗೆ ಕೊಳವೆಯೋ ಬದಿಯಲ್ಲಿ ಕಾಲುವೆಯೋ ಇರಬೇಕು. ಮುಚ್ಚಿದಾಗ ತಳದ ಎರಡು ತಟ್ಟೆಗಳ ನಡುವೆ ಮರಳು ಸೋರುವಷ್ಟು ಸಂದಿರಬಾರದು. ಬೆಂಟೋನೈಟ್ ದ್ರವ ಅಂತರ್ಜಲಕ್ಕಿಂತ ಒಂದರಿಂದ ಒಂದೂವರೆ ಮೀಟರ್‌ನಷ್ಟಾದರೂ ಎತ್ತರದಲ್ಲಿ ನಿಲ್ಲಬೇಕು, ಅದರ ಸಾಂದ್ರತೆ ಹೊಸದಾಗಿದ್ದಾಗ ಘನ ಸೆಂ.ಮೀ.ಗೆ 1.03ರಿಂದ 1.10 ಗ್ರಾಂ ನಡುವೆ ಇರಬೇಕು. ಆದರೆ ದ್ರವ ಎಷ್ಟೇ ಚೆನ್ನಾಗಿದ್ದರೂ ಬಕೆಟ್ ಜೋರಾಗಿ ಎಳೆದರೆ ಅದು ಕಾಪಾಡಲಾರದು.

ಕರಾವಳಿಯ ಒಂದು ಸೇತುವೆ ಕೆಲಸದಲ್ಲಿ ಕಾಂಕ್ರೀಟ್ ಲೆಕ್ಕಕ್ಕಿಂತ ಬಹಳ ಹೆಚ್ಚು ಹೋಗುತ್ತಿದೆ ಎಂದು ಕರೆದಿದ್ದರು. ಬೆಂಟೋನೈಟ್ ಪರೀಕ್ಷೆಗಳೆಲ್ಲ ಸರಿಯಿದ್ದವು, ಕೇಸಿಂಗ್ ಸರಿಯಿತ್ತು. ಕುಳಿ ಪಕ್ಕದಲ್ಲಿ ಬಕೆಟ್ಟನ್ನು ಮಲಗಿಸಿ ನೋಡಿದಾಗ ಒಳಗಿನ ದ್ರವದ ಕೊಳವೆಯ ಬಾಯಿಯಲ್ಲಿ ಗಟ್ಟಿಯಾದ ಜೇಡಿ ಮತ್ತು ಸಿಮೆಂಟಿನ ಮುಚ್ಚಳವೇ ಕೂತಿತ್ತು. ಹಿಂದಿನ ಸೈಟಿನಿಂದ ಬಂದದ್ದು, ಯಾರೂ ತೆಗೆದಿರಲಿಲ್ಲ. ಉಳಿಯಿಂದ ಅದನ್ನು ಬಿಡಿಸಿ, ಕೆಲ್ಲಿಯನ್ನು ಮೊದಲ ಕೆಲವು ಮೀಟರ್ ನಿಧಾನವಾಗಿ ಎತ್ತುವಂತೆ ಆಪರೇಟರನಿಗೆ ಹೇಳಿದ ಮೇಲೆ ಮುಂದಿನ ಪೈಲ್‌ಗಳಲ್ಲಿ ಕಾಂಕ್ರೀಟ್ ಲೆಕ್ಕದ ಹತ್ತಿರಕ್ಕೆ ಬಂತು. ವೇಗದ ಒತ್ತಡ ಆಪರೇಟರ್ ಮೇಲಿರುತ್ತದೆ, ಆತನನ್ನು ದೂರಿ ಪ್ರಯೋಜನವಿಲ್ಲ. ದಿನಕ್ಕೆ ಇಷ್ಟು ಪೈಲ್ ಎಂದು ಬೋರ್ಡಿನ ಮೇಲೆ ಬರೆಯುವವರು ಮರಳಿನ ನೆಲಕ್ಕೆ ಬೇರೆ ಸಂಖ್ಯೆ ಬರೆಯಬೇಕು.

ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ಕಷ್ಟ ಇನ್ನೊಂದು ತುದಿಯದು. ಅಲ್ಲಿ ಮಣ್ಣು ಬಕೆಟ್ಟಿನಿಂದ ಬೀಳುವುದೇ ಇಲ್ಲ. ತಳ ತೆರೆದರೂ ಒಳಗೆ ಕಚ್ಚಿಕೊಂಡು ಕೂತಿರುತ್ತದೆ, ಆಪರೇಟರ್ ಬಕೆಟ್ಟನ್ನು ಹಿಂದಕ್ಕೂ ಮುಂದಕ್ಕೂ ಜಾಡಿಸುತ್ತಾನೆ, ಕೆಲ್ಲಿಯ ಪಿನ್ನು, ಬಾಕ್ಸು, ತಿರುಗುವ ಭಾಗಗಳು ಎಲ್ಲವೂ ಆ ಏಟು ತಿನ್ನುತ್ತವೆ. ಎರೆ ಹೀಗೆ ಅಂಟಲು ಕಾರಣ ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ನಾವು ಕುಳಿಯ ಗೋಡೆ ಕಾಯಲು ದುಡ್ಡು ಕೊಟ್ಟು ತರುವ ಬೆಂಟೋನೈಟ್‌ನ ಮುಖ್ಯ ಅಂಶವೂ ಅದೇ. ಎರೆಗೆ ಮೊದಲ ಆಯ್ಕೆ ಆಗರ್: ಪದರ ಹೆಚ್ಚಾಗಿ ಕೆಲವೇ ಮೀಟರ್, ಒಣ ಕುಳಿ ತಾನಾಗಿ ನಿಲ್ಲುತ್ತದೆ, ಸುರುಳಿಯನ್ನು ಗಿರ್ರನೆ ತಿರುಗಿಸಿ ನಿಲ್ಲಿಸಿದರೆ ಮಣ್ಣು ಉದುರುತ್ತದೆ. ಬಕೆಟ್ಟೇ ಬೇಕಾದಲ್ಲಿ ಕೆಳಗೆ ಅಗಲವಾಗಿ ಮೇಲಕ್ಕೆ ತುಸು ಕಿರಿದಾಗುವ ಸಿಲಿಂಡರ್, ಇಲ್ಲವೇ ಮೈ ಎರಡಾಗಿ ಸೀಳಿಕೊಂಡು ತೆರೆಯುವ ಬಗೆಯದು ಒಳ್ಳೆಯದು. ಬಕೆಟ್ ಎತ್ತರ ಕಡಿಮೆಯಿರಲಿ. ಉದ್ದ ಬಕೆಟ್ಟಿನಲ್ಲಿ ಜೇಡಿ ಕಚ್ಚಿಕೊಂಡರೆ ಬಿಡಿಸುವುದು ಅರ್ಧ ದಿನದ ಕೆಲಸ. ಇದೇ ನೆಲಕ್ಕಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಅಂಡರ್‌ರೀಮ್ಡ್ ಪೈಲ್ ಪದ್ಧತಿಯನ್ನು ಬೆಳೆಸಿತು. ಅದರಲ್ಲಿ ಕುಳಿಯ ಕೆಳಭಾಗವನ್ನು ಗಡ್ಡೆಯಂತೆ ಹಿಗ್ಗಿಸಲು ರೆಕ್ಕೆ ಬಿಚ್ಚಿಕೊಳ್ಳುವ ಪ್ರತ್ಯೇಕ ಬಕೆಟ್ ಬೇಕು. ಸಣ್ಣ ಕಟ್ಟಡಗಳಿಗೆ ಅದು ಇಂದಿಗೂ ಒಳ್ಳೆಯ ಉತ್ತರ.

ವಿಜಯಪುರದ ಕಡೆ ಎರೆಯ ಕೆಳಗೆ ಬಸಾಲ್ಟ್. ಲಾವಾ ಹಾಸುಗಳು ಒಂದರ ಮೇಲೊಂದು ಕೂತಿರುವುದರಿಂದ, ಎರಡು ಗಟ್ಟಿ ಹಾಸುಗಳ ನಡುವೆ ಕೆಂಪು ಜೇಡಿಯಂಥ ಬೋಲ್ ಪದರ ಸಿಗಬಹುದು. ಕೋರ್ ಬ್ಯಾರಲ್‌ನಲ್ಲಿ ಗಟ್ಟಿ ಬಸಾಲ್ಟ್ ಕೊರೆದು ಬಂಡೆ ಸಿಕ್ಕಿತೆಂದು ನಿಲ್ಲಿಸುವ ಮುನ್ನ ಅದರ ಅಡಿಯಲ್ಲಿ ಏನಿದೆ ಎಂಬುದನ್ನು ಬೋರ್ ಲಾಗ್‌ನಲ್ಲಿ ನೋಡಲೇಬೇಕು. ಕೆಂಪು ಪದರ ಕಂಡರೆ ಬ್ಯಾರಲ್ ಬಿಟ್ಟು ಮಣ್ಣಿನ ಬಕೆಟ್ ಹಿಡಿದು ಅದನ್ನು ದಾಟಬೇಕು, ಆಮೇಲೆ ಮತ್ತೆ ಬ್ಯಾರಲ್. ಕಲಬುರಗಿಯ ಶಹಾಬಾದ್ ಕಲ್ಲು ಪದರಪದರವಾಗಿ ಬಿಡುವುದರಿಂದ ಕೋರ್ ಇಡಿಯಾಗಿ ನಿಲ್ಲದೆ ಬಿಲ್ಲೆಗಳಾಗಿ ಜಾರುತ್ತದೆ. ಅಲ್ಲಿ ಬ್ಯಾರಲ್‌ನ ಜೊತೆಗೆ ಚೂರು ತುಂಬಲು ಅಗಲ ಬಾಯಿಯ ರಾಕ್ ಬಕೆಟ್ ಇರಲೇಬೇಕು.

ಎತ್ತರದ ಲೆಕ್ಕಕ್ಕೆ ಬರುತ್ತೇನೆ. ಒಂದು ಮೀಟರ್ ವ್ಯಾಸದ, 25 ಮೀಟರ್ ಆಳದ ಕುಳಿಯಿಂದ ಸುಮಾರು 19.6 ಘನ ಮೀಟರ್ ಮಣ್ಣು ತೆಗೆಯಬೇಕು. ಕಡಿದಾಗ ಮೂವತ್ತು ಶೇಕಡಾ ಉಬ್ಬಿದರೆ ಅದು 25.5 ಆಗುತ್ತದೆ. ಒಳ ವ್ಯಾಸ 0.9 ಮೀಟರ್, ಎತ್ತರ 1.2 ಮೀಟರ್ ಇರುವ ಬಕೆಟ್ ತುಂಬಿ ಬಂದರೂ ಹಿಡಿಯುವುದು 0.76 ಘನ ಮೀಟರ್, ಅಂದರೆ ಮೂವತ್ತನಾಲ್ಕರಷ್ಟು ಸಲ ಇಳಿದು ಏರಬೇಕು. ಎತ್ತರವನ್ನು 1.5 ಮೀಟರ್ ಮಾಡಿದರೆ ಇಪ್ಪತ್ತೇಳು ಸಲಕ್ಕೆ ಮುಗಿಯುತ್ತದೆ. ಆಳ ಹೆಚ್ಚಾದಂತೆ ಕೊರೆಯುವುದಕ್ಕಿಂತ ಇಳಿಯುವ ಏರುವ ಹೊತ್ತೇ ಹೆಚ್ಚಾಗುವುದರಿಂದ ಈ ವ್ಯತ್ಯಾಸ ದೊಡ್ಡದು. ಆದರೆ ಎತ್ತರದ ಬಕೆಟ್ ತುಂಬಿದ ಒದ್ದೆ ಮಣ್ಣು, ಬಕೆಟ್ಟಿನ ಸ್ವಂತ ತೂಕ, ಕೆಲ್ಲಿಯ ತೂಕ ಮೂರನ್ನೂ ವಿಂಚ್ ಎತ್ತಬೇಕು. ಬಕೆಟ್ ಮತ್ತು ರಿಗ್‌ನ ಎತ್ತರದ ಕಂಬವಾದ ಮಾಸ್ಟ್ ನಡುವೆ ಸುರಿಯುವಷ್ಟು ಜಾಗವೂ ಉಳಿಯಬೇಕು. ಸಡಿಲ ಹೂಳಿಗೆ ಉದ್ದ ಬಕೆಟ್, ಶಿಥಿಲ ಶಿಲೆಗೆ ಗಿಡ್ಡ ಬಕೆಟ್ ಎಂಬುದು ನಾನು ಪಾಲಿಸುವ ಕ್ರಮ. ಬಂಡೆಯಲ್ಲಿ ಒಂದು ಸಲಕ್ಕೆ ಕಡಿಯುವುದೇ ಗೇಣುದ್ದ, ಉದ್ದ ಬಕೆಟ್ ಅಲ್ಲಿ ಬರೀ ಭಾರ.

ಹಲ್ಲಿನ ಆರೈಕೆಯ ಬಗ್ಗೆ ಬರೆಯದೆ ಬಕೆಟ್ ಆಯ್ಕೆಯ ಮಾತು ಪೂರ್ತಿಯಾಗದು, ಏಕೆಂದರೆ ಹಲ್ಲು ಸವೆದ ರಾಕ್ ಬಕೆಟ್ ನೆಲದ ಲೆಕ್ಕದಲ್ಲಿ ಬೇರೆಯೇ ಬಕೆಟ್. ಬುಲೆಟ್ ಹಲ್ಲು ತನ್ನ ಹೋಲ್ಡರ್‌ನಲ್ಲಿ ಸ್ವತಂತ್ರವಾಗಿ ತಿರುಗುತ್ತಿರಬೇಕು. ಹಾಗೆ ತಿರುಗುತ್ತಲೇ ಸುತ್ತಲೂ ಸಮನಾಗಿ ಸವೆದು ಮೊನೆ ಉಳಿಸಿಕೊಳ್ಳುತ್ತದೆ. ಸಿಮೆಂಟು ಅಥವಾ ಒಣ ಜೇಡಿ ಸಂದಿಗೆ ಸೇರಿ ಬಿಗಿದುಕೊಂಡರೆ ಒಂದೇ ಮಗ್ಗುಲು ತೇದು ಮೊನೆ ಉಳಿಯಂತೆ ಚಪ್ಪಟೆಯಾಗುತ್ತದೆ, ಆಮೇಲೆ ಕಾರ್ಬೈಡ್ ಕಿತ್ತುಬೀಳುತ್ತದೆ, ಕೊನೆಗೆ ಹೋಲ್ಡರ್ ಕೂಡ ತೇದುಹೋಗಿ ವೆಲ್ಡರ್ ಬಂದು ಬೇರೆ ಕೂರಿಸಬೇಕಾಗುತ್ತದೆ. ಪ್ರತಿ ಬೆಳಿಗ್ಗೆ ಒಬ್ಬ ಸಹಾಯಕ ಕೈಯಿಂದ ಎಲ್ಲ ಹಲ್ಲುಗಳನ್ನೂ ತಿರುಗಿಸಿ ನೋಡಿ, ತಿರುಗದ್ದನ್ನು ಸುತ್ತಿಗೆಯಿಂದ ತಟ್ಟಿ ಬಿಡಿಸಿದರೆ ಇದೆಲ್ಲ ತಪ್ಪುತ್ತದೆ. ಅದೇ ಹೊತ್ತಿಗೆ ಎದುರುಬದುರಿನ ಹೊರ ಹಲ್ಲುಗಳ ನಡುವೆ ಟೇಪ್ ಹಿಡಿಯಬೇಕು. ಕುಳಿಯ ವ್ಯಾಸವನ್ನು ನಿರ್ಧರಿಸುವುದು ಆ ಹಲ್ಲುಗಳೇ. ಸೇತುವೆ, ಮೆಟ್ರೊ ಕೆಲಸಗಳಲ್ಲಿ ಕಬ್ಬಿಣದ ಕೇಜ್‌ಗೆ (ಸರಳುಗಳ ಪಂಜರಕ್ಕೆ) 75 ಮಿ.ಮೀ. ಕವರ್ (ಸುತ್ತಲಿನ ಕಾಂಕ್ರೀಟಿನ ದಪ್ಪ) ಸಾಮಾನ್ಯ, ಹೊರ ಹಲ್ಲು ಎರಡೂ ಬದಿ 25 ಮಿ.ಮೀ. ಸವೆದಿದ್ದರೆ ಕವರ್ 50ಕ್ಕೆ ಇಳಿಯಿತು, ಇಲ್ಲವೇ ಕೇಜ್ ಇಳಿಯದೆ ಸಿಕ್ಕಿಕೊಂಡಿತು ಎಂದರ್ಥ.

ಕೊರೆದದ್ದಾಯಿತು, ಆಳ ಮುಟ್ಟಿತು ಎಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೆ ಇನ್ನೊಂದು ಬಕೆಟ್ ಇಳಿಯಬೇಕು: ಕ್ಲೀನಿಂಗ್ ಬಕೆಟ್. ಕೊರೆಯುವ ಬಕೆಟ್‌ನ ನಡುವೆ ದಾರಿ ತೋರುವ ಮೊನೆ ಇರುತ್ತದೆ, ಹಲ್ಲುಗಳು ಚಾಚಿಕೊಂಡಿರುತ್ತವೆ. ಹಲ್ಲುಗಳ ನಡುವಿನ ಜಾಗದಲ್ಲಿ ಪುಡಿ ಯಾವಾಗಲೂ ಉಳಿಯುತ್ತದೆ. ಕ್ಲೀನಿಂಗ್ ಬಕೆಟ್‌ನ ತಳ ಸಪಾಟು, ಅಂಚು ನೆಲಕ್ಕೆ ಹತ್ತಿ ಗುಡಿಸುತ್ತದೆ. ಬಂಡೆಯ ಮೇಲೆ ಕೂರುವ ಪೈಲ್‌ನಲ್ಲಿ ತಳದ ಕೆಸರು ಉಳಿದರೆ, ಬಂಡೆ ಎಷ್ಟೇ ಗಟ್ಟಿಯಿದ್ದರೂ ಹೊರೆ ಮೊದಲು ಒತ್ತುವುದು ಆ ಕೆಸರನ್ನು. ಲೋಡ್ ಟೆಸ್ಟ್‌ನಲ್ಲಿ ಪೈಲ್ ತಗ್ಗಲು ಇದೊಂದೇ ಸಾಕು. 150ರಿಂದ 180 ಮಿ.ಮೀ. ಸ್ಲಂಪ್‌ನ, ಅಂದರೆ ಚೆನ್ನಾಗಿ ಹರಿಯುವ, ಕಾಂಕ್ರೀಟ್ ಟ್ರೆಮಿ ಎಂಬ ಉದ್ದ ಕೊಳವೆಯಿಂದ ಇಳಿದು ತಳದ ಕೆಸರನ್ನು ತಾನೇ ಮೇಲೆತ್ತಿಕೊಂಡು ಬರುತ್ತದೆ ಎಂದು ನಂಬುವವರಿದ್ದಾರೆ. ತೆಳ್ಳಗಿನ ಪದರವಾದರೆ ಸ್ವಲ್ಪ ಮಟ್ಟಿಗೆ ನಿಜ, ದಪ್ಪ ಪದರಕ್ಕೆ ಖಂಡಿತ ನಿಜವಲ್ಲ. ಕ್ಲೀನಿಂಗ್ ಬಕೆಟ್ ಆದ ಮೇಲೆ ಕೇಜ್ ಇಳಿಸುವಾಗ ಗೋಡೆ ಕೆರೆದು ಮತ್ತೆ ಮಣ್ಣು ಬೀಳುವುದರಿಂದ, ಕೇಜ್ ಇಳಿದ ನಂತರ ತೂಕದ ಟೇಪ್ ಬಿಟ್ಟು ಆಳವನ್ನು ಮತ್ತೊಮ್ಮೆ ಅಳೆದು, ಬೇಕಿದ್ದರೆ ಟ್ರೆಮಿಯ ಮೂಲಕವೇ ದ್ರವ ಹಾಯಿಸಿ ತೊಳೆಯಬೇಕು.

ಬಾಡಿಗೆಗೆ ಬಕೆಟ್ ತರುವವರು ಯಾರ್ಡಿನಲ್ಲೇ ಕೆಲವು ಸಂಗತಿಗಳನ್ನು ನೋಡಿಕೊಂಡರೆ ಸೈಟಿಗೆ ಬಂದ ಮೇಲಿನ ಜಗಳ ತಪ್ಪುತ್ತದೆ. ಕೆಲ್ಲಿ ಬಾಕ್ಸಿನ ಅಳತೆ ತಮ್ಮ ರಿಗ್‌ಗೆ ಹೊಂದುತ್ತದೆಯೇ ಎಂಬುದು ಮೊದಲನೆಯದು. 130, 150, 200 ಮಿ.ಮೀ. ಚೌಕಗಳು ಬಳಕೆಯಲ್ಲಿವೆ, ಲಾರಿ ಬಂದ ಮೇಲೆ ಇದು ಗೊತ್ತಾಗುವುದು ಬೇಡ. ಪಿನ್ ತೂತು ಅಂಡಾಕಾರಕ್ಕೆ ಹಿಗ್ಗಿದೆಯೇ, ಕೀಲು ಎಷ್ಟು ಅಲ್ಲಾಡುತ್ತದೆ, ಕೊಂಡಿ ತಾನಾಗಿ ಕಚ್ಚುತ್ತದೆಯೇ ಅಥವಾ ಯಾರಾದರೂ ಸುತ್ತಿಗೆಯಿಂದ ಹೊಡೆದು ಮುಚ್ಚಬೇಕೇ ಎಂದು ಎತ್ತಿಸಿ ನೋಡಬೇಕು, ಏಕೆಂದರೆ ತೂಗಾಡುವ ಬಕೆಟ್ಟಿನ ಅಡಿಗೆ ಕೈ ಹಾಕುವ ಹುಡುಗನ ಬೆರಳು ಆ ಕೊಂಡಿಯ ಸ್ಥಿತಿಯ ಮೇಲೆ ನಿಂತಿದೆ. ಕೊನೆಯದಾಗಿ ತಳವನ್ನು ಮುಚ್ಚಿಸಿ, ಕೆಳಗಿನ ತಟ್ಟೆಯನ್ನು ಬಾಯಿ ಮುಚ್ಚುವ ಕಡೆಗೆ ಪೂರ್ತಿ ತಿರುಗಿಸಿ, ಎರಡು ತಟ್ಟೆಗಳ ಸಂದಿಗೆ ಬೆರಳು ತೂರಿಸಿ ನೋಡಿ. ಕೆಮ್ಮಣ್ಣಿನ ಸೈಟಿಗೆ ಅಷ್ಟು ಸಂದಿದ್ದರೂ ನಡೆದೀತು; ನದಿ ದಂಡೆಯ ಮರಳಿಗೆ ಆ ಬಕೆಟ್ ಬೇಡವೆಂದು ಹೇಳಿ ಇನ್ನೊಂದನ್ನು ಇಳಿಸಲು ಕೇಳಿ.